ವೈಯಕ್ತಿಕ ವಾಹನ ನೋಂದಣಿ ಸಂಖ್ಯೆ (ಬ್ರಿಟನ್)

ವಾಹನ ನೋಂದಣಿಯಾಗುವಾಗ ಸರದಿಯಲ್ಲಿ ಬಂದ ಸಂಖ್ಯೆಯ ಬದಲು, ತನ್ನ ಹೆಸರು, ಇನಿಷಿಯಲ್, ಕಸುಬು ಅಥವಾ ಮೆಚ್ಚಿನ ಪದವನ್ನು ಹೋಲುವಂತೆ ಆರಿಸಿ, ಹಣ ಕೊಟ್ಟು ಪಡೆಯುವ ಅಕ್ಷರ ಮತ್ತು ಅಂಕಿಗಳ ಜೋಡಣೆಗೆ ವೈಯಕ್ತಿಕ ನೋಂದಣಿ ಸಂಖ್ಯೆ ಎನ್ನುತ್ತಾರೆ. ಬ್ರಿಟನ್ನಿನಲ್ಲಿ ಇದಕ್ಕೆ ಪ್ರೈವೇಟ್ ಪ್ಲೇಟ್, ಚೆರಿಶ್ಡ್ ನಂಬರ್ ಎಂಬ ಹೆಸರುಗಳೂ ಇವೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಮಾಲೀಕ ತನಗೆ ಬೇಕಾದ ಪದವನ್ನು ತಾನೇ ರಚಿಸಿ ಅರ್ಜಿ ಹಾಕಬಹುದು. ಬ್ರಿಟನ್ನಿನಲ್ಲಿ ಹಾಗಿಲ್ಲ. ಅಲ್ಲಿನ ನೋಂದಣಿ ಪದ್ಧತಿ ಒಪ್ಪುವ ರಚನೆಗಳೊಳಗೆ ಸಿಗುವುದನ್ನಷ್ಟೇ ಆರಿಸಿಕೊಳ್ಳಬೇಕು. ಒಂದು ಜೋಡಣೆ ದೇಶಕ್ಕೆಲ್ಲ ಒಂದೇ ಇರುತ್ತದೆ, ಮತ್ತು ಅದನ್ನು ಒಂದು ವಾಹನದಿಂದ ಇನ್ನೊಂದಕ್ಕೆ ವರ್ಗಾಯಿಸಲು ಅವಕಾಶವಿದೆ. ಈ ಎರಡು ಕಾರಣಗಳಿಂದ ಅಲ್ಲಿ ನೋಂದಣಿ ಸಂಖ್ಯೆಗಳ ದೊಡ್ಡ ಮಾರುಕಟ್ಟೆಯೇ ಬೆಳೆದಿದೆ. ಖರೀದಿಗೆ ಮುಖ್ಯವಾಗಿ ಎರಡು ದಾರಿ: ಸರ್ಕಾರದ ಚಾಲಕ ಮತ್ತು ವಾಹನ ಪರವಾನಗಿ ಸಂಸ್ಥೆಯಿಂದ (ಡಿವಿಎಲ್‌ಎ) ನೇರವಾಗಿ ಕೊಳ್ಳುವುದು, ಇಲ್ಲವೆ ಡೀಲರ್ ಮೂಲಕ ಕೊಳ್ಳುವುದು. ಯಾವ ದಾರಿ ಹಿಡಿಯಬೇಕೆಂಬುದು ಬಹುಮಟ್ಟಿಗೆ ಒಂದು ಪ್ರಶ್ನೆಯ ಮೇಲೆ ನಿಂತಿದೆ: ಬೇಕಾದ ಸಂಖ್ಯೆ ಈ ಹಿಂದೆ ಯಾವುದಾದರೂ ವಾಹನದ ಮೇಲೆ ಇತ್ತೇ, ಇಲ್ಲವೇ?

ಇತಿಹಾಸ

ಬ್ರಿಟನ್ನಿನಲ್ಲಿ ಮೋಟಾರು ವಾಹನಗಳ ನೋಂದಣಿ ಕಡ್ಡಾಯವಾದದ್ದು 1903ರ ಮೋಟಾರ್ ಕಾರ್ ಕಾಯಿದೆಯಿಂದ. ಅದು 1904ರ ಜನವರಿ 1ರಂದು ಜಾರಿಗೆ ಬಂತು. ಆಗ ಸಂಖ್ಯೆ ಕೊಡುವ ಅಧಿಕಾರ ಕೌಂಟಿ ಮತ್ತು ನಗರ ಆಡಳಿತಗಳದು. ಪ್ರತಿ ಆಡಳಿತಕ್ಕೂ ಒಂದೋ ಎರಡೋ ಅಕ್ಷರಗಳ ಸಂಕೇತವಿತ್ತು. ಲಂಡನ್ನಿಗೆ 'ಎ', ಎಡಿನ್‌ಬರೊಗೆ 'ಎಸ್', ಎಸೆಕ್ಸ್‌ಗೆ 'ಎಫ್'. ಲಂಡನ್ನಿನ 'ಎ 1' ಸಂಖ್ಯೆ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್‌ರ ಅಣ್ಣ, ಎರಡನೆಯ ಅರ್ಲ್ ರಸೆಲ್ ಅವರ ಪಾಲಾಯಿತು. ಅದಕ್ಕಾಗಿ ಅವರು ರಾತ್ರಿಯೆಲ್ಲ ಸರದಿಯಲ್ಲಿ ಕಾದರೆಂಬ ಕಥೆ ಪ್ರಚಲಿತವಾಗಿದೆ. ಹೀಗೆ ಒಳ್ಳೆಯ ಸಂಖ್ಯೆಯ ಮೇಲಿನ ಮೋಹಕ್ಕೆ ನೋಂದಣಿಯಷ್ಟೇ ವಯಸ್ಸು.

ವಾಹನಗಳು ಹೆಚ್ಚಿದಂತೆ ಸಂಖ್ಯೆಗಳು ಮುಗಿಯುತ್ತ ಬಂದವು. 1932ರಿಂದ ಮೂರು ಅಕ್ಷರ ಮತ್ತು ಮೂರರವರೆಗಿನ ಅಂಕಿಗಳ ರಚನೆ ಬಳಕೆಗೆ ಬಂತು. ಅದೂ ಸಾಲದಾದಾಗ ಅಂಕಿಗಳನ್ನು ಮುಂದೆ, ಅಕ್ಷರಗಳನ್ನು ಹಿಂದೆ ಇಟ್ಟು ಕೆಲವು ವರ್ಷ ಕಾಲ ತಳ್ಳಿದರು. 1963ರಲ್ಲಿ ಸಂಖ್ಯೆಯ ಕೊನೆಗೆ ವರ್ಷಸೂಚಕ ಅಕ್ಷರ ಸೇರಿತು. ಅಲ್ಲಿಂದ ಮುಂದೆ ಸಂಖ್ಯೆ ನೋಡಿಯೇ ವಾಹನದ ವಯಸ್ಸು ಹೇಳಬಹುದಾಯಿತು. ಮುಂದಿನ ಮಾರುಕಟ್ಟೆಯ ಸ್ವರೂಪವನ್ನು ನಿರ್ಧರಿಸಿದ್ದು ಈ ಬದಲಾವಣೆ. ವರ್ಷ ತೋರಿಸುವ ಸಂಖ್ಯೆಗಳು ಒಂದು ಕಡೆ, ವರ್ಷ ತೋರಿಸದ ಹಳೆಯವು ಇನ್ನೊಂದು ಕಡೆ ಎಂದು ಎರಡು ವರ್ಗಗಳಾದವು. ಎರಡನೆಯವಕ್ಕೆ ಬೆಲೆ ಏರಿತು.

1974ರಿಂದ ದಾಖಲೆಗಳು ವೇಲ್ಸ್‌ನ ಸ್ವಾನ್‌ಸೀ ನಗರದ ಕೇಂದ್ರ ಕಚೇರಿಯ ಕಂಪ್ಯೂಟರಿಗೆ ಸೇರತೊಡಗಿದವು. 1983ರ ಗಡುವಿನೊಳಗೆ ಕೇಂದ್ರ ದಾಖಲೆಗೆ ಸೇರದ ಹಳೆಯ ವಾಹನಗಳು ತಮ್ಮ ಮೂಲ ಸಂಖ್ಯೆಯ ಮೇಲಿನ ಹಕ್ಕನ್ನು ಕಳೆದುಕೊಂಡವು. ಸಂಖ್ಯೆ ವ್ಯಾಪಾರಿಗಳು ಅಷ್ಟರಲ್ಲಾಗಲೇ ಹುಟ್ಟಿಕೊಂಡಿದ್ದರು. ಗುಜರಿಗೆ ಹೋಗುವ ಕಾರು, ಮೂಲೆಗೆ ಬಿದ್ದ ಮೊಪೆಡ್‌ಗಳನ್ನು ಅವುಗಳ ಮೇಲಿನ ಸಂಖ್ಯೆಗಾಗಿ ಕೊಂಡು, ಆ ಸಂಖ್ಯೆಯನ್ನು ಗಿರಾಕಿಯ ವಾಹನಕ್ಕೆ ವರ್ಗಾಯಿಸುವುದು ಅವರ ಕಸುಬು. ಈ ವ್ಯಾಪಾರದಲ್ಲಿ ಖಜಾನೆಗೂ ಪಾಲು ಬರಲೆಂದು ಸರ್ಕಾರ ತಾನೇ ಮಾರಾಟಕ್ಕಿಳಿಯಿತು. 1983ರಲ್ಲಿ ವರ್ಷಸೂಚಕ ಅಕ್ಷರ ಸಂಖ್ಯೆಯ ಆರಂಭಕ್ಕೆ ಬಂದಾಗ 1ರಿಂದ 20ರವರೆಗಿನ ಅಂಕಿಗಳನ್ನು ಸಾಮಾನ್ಯ ನೋಂದಣಿಗೆ ಕೊಡದೆ ತೆಗೆದಿರಿಸಲಾಗಿತ್ತು. 1989ರ ಡಿಸೆಂಬರಿನಲ್ಲಿ ಲಂಡನ್ನಿನ ಕ್ರಿಸ್ಟೀಸ್ ಸಂಸ್ಥೆಯಲ್ಲಿ ಮೊದಲ ಸರ್ಕಾರಿ ಹರಾಜು ನಡೆಯಿತು. ಅಲ್ಲಿ '1 ಎ' ಎಂಬ ಸಂಖ್ಯೆ 1,60,000 ಪೌಂಡಿಗೆ ಹೋಯಿತು. ಇಂಥ ಮಾರಾಟದ ವರಮಾನ ಬ್ರಿಟನ್ನಿನ ಖಜಾನೆಗೆ ಸೇರುತ್ತದೆ.

ಸಂಖ್ಯೆಗಳ ವಿಧಗಳು

ಮಾರುಕಟ್ಟೆಯಲ್ಲಿ ಇಂದು ಐದು ಬಗೆಯ ಸಂಖ್ಯೆಗಳು ಓಡಾಡುತ್ತವೆ.

1. ವರ್ಷರಹಿತ ಸಂಖ್ಯೆಗಳು: 1963ಕ್ಕೆ ಮುಂಚಿನ ಪದ್ಧತಿಯವು. ಅಕ್ಷರ, ಅಂಕಿ ಕಡಿಮೆಯಾದಷ್ಟೂ ಬೆಲೆ ಹೆಚ್ಚು.

2. ಪ್ರತ್ಯಯ ಸಂಖ್ಯೆಗಳು: 1963ರಿಂದ 1983ರವರೆಗಿನವು. ವರ್ಷಸೂಚಕ ಅಕ್ಷರ ಕೊನೆಯಲ್ಲಿರುತ್ತದೆ.

3. ಪೂರ್ವಪ್ರತ್ಯಯ ಸಂಖ್ಯೆಗಳು: 1983ರಿಂದ 2001ರ ಆಗಸ್ಟ್‌ವರೆಗಿನವು. ವರ್ಷಸೂಚಕ ಅಕ್ಷರ ಮೊದಲು, ಆಮೇಲೆ ಒಂದರಿಂದ ಮೂರು ಅಂಕಿ, ಕೊನೆಗೆ ಮೂರು ಅಕ್ಷರ. ಹೆಸರು ಮೂಡಿಸಲು ತುಂಬ ಅನುಕೂಲವಾದ ರಚನೆ ಇದು.

4. ಪ್ರಚಲಿತ ಪದ್ಧತಿಯವು: 2001ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿವೆ. ಎರಡು ಅಕ್ಷರ, ಎರಡು ಅಂಕಿ, ಮೂರು ಅಕ್ಷರ. ನಡುವಿನ ಅಂಕಿಗಳು ನೋಂದಣಿಯ ಕಾಲವನ್ನು ಸೂಚಿಸುತ್ತವೆ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ವರ್ಷದ ಕೊನೆಯ ಎರಡು ಅಂಕಿ, ಸೆಪ್ಟೆಂಬರ್‌ನಿಂದ ಅದಕ್ಕೆ 50 ಕೂಡಿಸಿದ ಅಂಕಿ. 2024ರ ಮಾರ್ಚ್‌ಗೆ 24 ಆದರೆ ಆ ವರ್ಷದ ಸೆಪ್ಟೆಂಬರಿಗೆ 74.

5. ಉತ್ತರ ಐರ್ಲೆಂಡಿನ ಸಂಖ್ಯೆಗಳು: ಮೂರು ಅಕ್ಷರ, ನಾಲ್ಕರವರೆಗಿನ ಅಂಕಿ. ಅಕ್ಷರಗಳಲ್ಲಿ 'ಐ' ಅಥವಾ 'ಜೆಡ್' ಇರುತ್ತದೆ. ಇವು ವರ್ಷ ಸೂಚಿಸುವುದಿಲ್ಲ. ಹಾಗಾಗಿ ಕಡಿಮೆ ಖರ್ಚಿನಲ್ಲಿ ವಾಹನದ ವಯಸ್ಸು ಮರೆಮಾಚಲು ಬಯಸುವವರು ಇವನ್ನು ಕೊಳ್ಳುತ್ತಾರೆ.

ಪದ ಮೂಡಿಸಲು ಅಂಕಿಗಳನ್ನು ಅಕ್ಷರಗಳ ಜಾಗದಲ್ಲಿ ಓದುವ ರೂಢಿ ಬೆಳೆದಿದೆ. 1 ಎಂದರೆ 'ಐ', 3 'ಇ', 4 'ಎ', 5 'ಎಸ್', 8 'ಬಿ', 0 'ಒ'. ಒತ್ತಾಗಿ ಬರೆದ 13 'ಬಿ'ಯಂತೆ ಕಾಣುತ್ತದೆ. 1993ರಲ್ಲಿ 2,31,000 ಪೌಂಡಿಗೆ ಮಾರಾಟವಾದ 'ಕೆ1 ಎನ್‌ಜಿಎಸ್' ಅನ್ನು 'ಕಿಂಗ್ಸ್' ಎಂದು ಓದುತ್ತಾರೆ. ಬ್ರಿಟನ್ನಿನ ಭಾರತೀಯ ಮೂಲದವರಲ್ಲೂ ಈ ಆಸಕ್ತಿ ಬೇರೂರಿದೆ. '51 ಎನ್‌ಜಿಎಚ್' ಎಂಬ ಸಂಖ್ಯೆ 'ಸಿಂಗ್' ಎಂದು ಓದಿಸಿಕೊಂಡು 2006ರ ಹರಾಜಿನಲ್ಲಿ 2,54,000 ಪೌಂಡ್ ತಂದಿತು. ಕನ್ನಡದ ಹೆಸರುಗಳೂ ಈ ಚೌಕಟ್ಟಿಗೆ ಹೊಂದುತ್ತವೆ. ರಚನೆಯ ಮಟ್ಟಿಗೆ 'ಎಂ4 ಎನ್‌ಜೆಯು' ಎಂಬುದು ಮಂಜು, 'ಆರ್4 ಎಂವೈಎ' ಎಂಬುದು ರಮ್ಯಾ. ಮೊದಲಕ್ಷರ ವರ್ಷಸೂಚಕವಾದ್ದರಿಂದ ಎರಡೂ ಪೂರ್ವಪ್ರತ್ಯಯ ವರ್ಗಕ್ಕೆ ಸೇರುತ್ತವೆ.

ಹಕ್ಕಿನ ಸ್ವರೂಪ

ಹಣ ಕೊಟ್ಟವನು ಸಂಖ್ಯೆಯ ಒಡೆಯನಾಗುವುದಿಲ್ಲ. ಎಲ್ಲ ನೋಂದಣಿ ಸಂಖ್ಯೆಗಳೂ ಸರ್ಕಾರದವೇ. ಕೊಂಡವನಿಗೆ ದಕ್ಕುವುದು ಆ ಸಂಖ್ಯೆಯನ್ನು ಅರ್ಹ ವಾಹನಕ್ಕೆ ಜೋಡಿಸುವ ಹಕ್ಕು ಮಾತ್ರ. ನಿಯಮ ಮೀರಿ ಪ್ರದರ್ಶಿಸಿದರೆ ಸಂಖ್ಯೆಯನ್ನು ಹಿಂಪಡೆಯುವ ಅಧಿಕಾರ ಡಿವಿಎಲ್‌ಎಗಿದೆ.

ವಾಹನಕ್ಕೆ ಜೋಡಿಸದೆ ಕಾಗದದಲ್ಲಷ್ಟೇ ಇರುವ ಹಕ್ಕಿಗೆ ಎರಡು ದಾಖಲೆಗಳಿವೆ. ಒಮ್ಮೆಯೂ ವಾಹನಕ್ಕೆ ಹಾಕದ ಸಂಖ್ಯೆಗೆ ಕೊಡುವ ಹಕ್ಕುಪತ್ರ ವಿ750. ವಾಹನದಿಂದ ತೆಗೆದು ಉಳಿಸಿಕೊಂಡ ಸಂಖ್ಯೆಯದು ವಿ778. ಮೊದಲು ಇವುಗಳ ಅವಧಿ ಕಡಿಮೆಯಿತ್ತು, ಮುಂದುವರಿಸಲು ವರ್ಷಕ್ಕೆ 25 ಪೌಂಡ್ ಕಟ್ಟಬೇಕಿತ್ತು. 2015ರಲ್ಲಿ ಆ ಶುಲ್ಕ ರದ್ದಾಗಿ ಅವಧಿ 10 ವರ್ಷಕ್ಕೆ ಏರಿತು. ಅವಧಿ ಮುಗಿಯುವ ಮುನ್ನ ನವೀಕರಿಸದಿದ್ದರೆ ಹಕ್ಕು ಕೈತಪ್ಪುತ್ತದೆ. ಪತ್ರದಲ್ಲಿ ಹಕ್ಕುದಾರನ ಹೆಸರಿನ ಜೊತೆಗೆ ನಾಮಿನಿಯ ಹೆಸರನ್ನೂ ಸೇರಿಸಬಹುದು. ಸಂಖ್ಯೆಯನ್ನು ಉಡುಗೊರೆಯಾಗಿ ಕೊಡುವವರಿಗೆ ಈ ವ್ಯವಸ್ಥೆ ಉಪಯೋಗಕ್ಕೆ ಬರುತ್ತದೆ. ಆದರೆ ಸಂಖ್ಯೆ ಒಮ್ಮೆ ವಾಹನಕ್ಕೆ ಜೋಡಣೆಯಾಯಿತೆಂದರೆ ಹಕ್ಕು ಆ ವಾಹನ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರಿಗೆ ಹೋಗುತ್ತದೆ, ಹಣ ಕೊಟ್ಟವರು ಯಾರೇ ಇರಲಿ.

ನೇರ ಖರೀದಿ

ಡಿವಿಎಲ್‌ಎ ಮಾರುವುದು ಈವರೆಗೆ ಯಾರಿಗೂ ಕೊಡದ ಸಂಖ್ಯೆಗಳನ್ನು. ಮಾರಾಟ ಎರಡು ರೀತಿಯಲ್ಲಿ ನಡೆಯುತ್ತದೆ.

ನಿಗದಿತ ಬೆಲೆ: ಸಂಸ್ಥೆಯ ಜಾಲತಾಣದಲ್ಲಿ ಹೆಸರು ಅಥವಾ ಇನಿಷಿಯಲ್ ಹಾಕಿ ಹುಡುಕಿದರೆ ಲಭ್ಯವಿರುವ ಜೋಡಣೆಗಳು ಕಾಣಿಸುತ್ತವೆ. ಬೆಲೆ 250 ಪೌಂಡಿನಿಂದ ಆರಂಭ. ಅರ್ಥ ಹೊಮ್ಮಿಸುವ ಸಂಖ್ಯೆಗೆ ಅದಕ್ಕಿಂತ ಹೆಚ್ಚು. ಚೌಕಾಸಿಗೆ ಇಲ್ಲಿ ಎಡೆಯಿಲ್ಲ. ಮೊದಲು ಹಣ ಕಟ್ಟಿದವರಿಗೆ ಸಂಖ್ಯೆ.

ಹರಾಜು: ಹೆಚ್ಚು ಬೇಡಿಕೆ ಬರಬಹುದಾದ ಸಂಖ್ಯೆಗಳನ್ನು ಹರಾಜಿಗಿಡುತ್ತಾರೆ. ಮುಂಚೆ ಸಭಾಂಗಣದಲ್ಲಿ ಸವಾಲು ಕೂಗುತ್ತಿದ್ದರು, ಇತ್ತೀಚಿನ ವರ್ಷಗಳಲ್ಲಿ ಹರಾಜು ಆನ್‌ಲೈನ್‌ಗೆ ಬಂದಿದೆ. ಹೊಸಬರು ಎಡವುವುದು ಸವಾಲಿನ ಮೇಲೆ ಬೀಳುವ ಬಾಬ್ತುಗಳ ಲೆಕ್ಕದಲ್ಲಿ. ಕೊನೆಯ ಸವಾಲಿನ ಮೇಲೆ ಶೇ. 20ರ ವ್ಯಾಟ್, ಶೇ. 8ರ ಖರೀದಿದಾರ ಶುಲ್ಕ, ಆ ಶುಲ್ಕದ ಮೇಲೆ ಮತ್ತೆ ವ್ಯಾಟ್, ಕೊನೆಗೆ ವಾಹನಕ್ಕೆ ಜೋಡಿಸುವ 80 ಪೌಂಡ್ ಶುಲ್ಕ ಸೇರುತ್ತವೆ. 1,000 ಪೌಂಡಿಗೆ ಸವಾಲು ನಿಂತರೆ ಕಟ್ಟಬೇಕಾದ್ದು 1,376 ಪೌಂಡ್. 2014ರಲ್ಲಿ '25 ಒ' ಎಂಬ ಸಂಖ್ಯೆಯ ಸವಾಲು 4,00,000 ಪೌಂಡಿಗೆ ನಿಂತಿತು. ಎಲ್ಲ ಸೇರಿ ಆದದ್ದು 5,18,000 ಪೌಂಡಿಗೂ ಮಿಕ್ಕಿ. ಅದನ್ನು ಕೊಂಡವರು ಫೆರಾರಿ ಕಾರುಗಳ ಒಬ್ಬ ವ್ಯಾಪಾರಿ. 'ಫೆರಾರಿ 250' ಮಾದರಿಯ ಹೆಸರನ್ನು ಆ ಸಂಖ್ಯೆ ನೆನಪಿಸುತ್ತಿತ್ತು.

ವರ್ಷಕ್ಕೆರಡು ಬಾರಿ ಹೊಸ ಸರಣಿ ಬಿಡುಗಡೆಯಾಗುವ ಮುಂಚೆ ಅಶ್ಲೀಲ, ನಿಂದನಾತ್ಮಕ ಅಥವಾ ಜನಾಂಗ, ಧರ್ಮಗಳನ್ನು ನೋಯಿಸುವಂಥ ಜೋಡಣೆಗಳನ್ನು ಗುರುತಿಸಿ ತಡೆಹಿಡಿಯುತ್ತಾರೆ. ಅವು ಮಾರಾಟಕ್ಕೂ ಸಾಮಾನ್ಯ ನೋಂದಣಿಗೂ ಬರುವುದಿಲ್ಲ.

ಡೀಲರ್ ಮೂಲಕ ಖರೀದಿ

ಹಿಂದೆಯೇ ಬಿಡುಗಡೆಯಾಗಿ ಯಾರದೋ ಕೈಯಲ್ಲಿರುವ ಸಂಖ್ಯೆ ಡಿವಿಎಲ್‌ಎ ಬಳಿ ಸಿಗುವುದಿಲ್ಲ. ವರ್ಷರಹಿತ ಮತ್ತು ಪ್ರತ್ಯಯ ಸಂಖ್ಯೆಗಳಲ್ಲಿ ಬಹುಪಾಲು ಇಂಥವೇ. ಅವು ಬೇಕಾದರೆ ಈಗಿನ ಹಕ್ಕುದಾರನಿಂದ ಕೊಳ್ಳಬೇಕು, ಅಂಥವರನ್ನು ಹುಡುಕಿಕೊಡುವುದು ಡೀಲರ್‌ನ ಕೆಲಸ. ಈ ಕಸುಬಿನವರಿಗೆ ಚೆರಿಶ್ಡ್ ನಂಬರ್ಸ್ ಡೀಲರ್ಸ್ ಅಸೋಸಿಯೇಷನ್‌ನಂಥ ಸಂಘಗಳಿದ್ದು, ಸದಸ್ಯರಿಗೆ ನಡವಳಿಕೆಯ ನಿಯಮಗಳನ್ನು ಹಾಕಿಕೊಂಡಿವೆ.

ಡೀಲರ್‌ನ ಪಟ್ಟಿಯಲ್ಲಿ ಮೂರು ಮೂಲಗಳ ಸಂಖ್ಯೆಗಳು ಬೆರೆತಿರುತ್ತವೆ. ಒಂದು, ಅವನೇ ಬಂಡವಾಳ ಹಾಕಿ ಕೊಂಡಿಟ್ಟವು. ಎರಡು, ಖಾಸಗಿ ಹಕ್ಕುದಾರರು ಮಾರಿಕೊಡಲು ಒಪ್ಪಿಸಿದವು. ಇವುಗಳಲ್ಲಿ ಡೀಲರ್‌ಗೆ ಸಿಗುವುದು ಕಮಿಷನ್. ಮೂರು, ಡಿವಿಎಲ್‌ಎ ಬಳಿಯೇ ಇನ್ನೂ ಮಾರಾಟವಾಗದೆ ಉಳಿದವು. ಮೂರನೆಯದನ್ನು ಡೀಲರ್‌ನಿಂದ ಕೊಂಡರೆ ನೇರ ಬೆಲೆಯ ಮೇಲೆ ಅವನ ಲಾಭವನ್ನೂ ಕೊಟ್ಟಂತೆ. ಆದ್ದರಿಂದ ಡೀಲರ್ ಪಟ್ಟಿಯಲ್ಲಿ ಮೆಚ್ಚಿದ ಸಂಖ್ಯೆಯನ್ನು ಡಿವಿಎಲ್‌ಎ ತಾಣದಲ್ಲೂ ಹುಡುಕಿ ನೋಡುವುದು ತಿಳಿದವರ ರೂಢಿ. ಒಂದೇ ಸಂಖ್ಯೆ ಹಲವು ಡೀಲರ್‌ಗಳ ಬಳಿ ಹಲವು ಬೆಲೆಗಳಲ್ಲಿ ಕಾಣಿಸಿಕೊಳ್ಳುವುದೂ ಸಾಮಾನ್ಯ. ಹಕ್ಕುದಾರ ಒಬ್ಬನೇ, ಅವನು ಹಲವರಿಗೆ ಒಪ್ಪಿಸಿರುತ್ತಾನೆ.

ಡೀಲರ್ ಹೇಳುವ ಬೆಲೆಯಲ್ಲಿ ವ್ಯಾಟ್ ಮತ್ತು 80 ಪೌಂಡ್ ಶುಲ್ಕ ಸೇರಿದೆಯೇ ಎಂಬುದು ಮೊದಲು ಕೇಳಬೇಕಾದ ಪ್ರಶ್ನೆ. ಈಗಿನ ಹಕ್ಕುದಾರ ವ್ಯಾಟ್‌ಗೆ ನೋಂದಾಯಿಸಿಕೊಳ್ಳದ ಖಾಸಗಿ ವ್ಯಕ್ತಿಯಾದರೆ ಅವನ ಸಂಖ್ಯೆಯ ಬೆಲೆಗೆ ವ್ಯಾಟ್ ಅನ್ವಯಿಸುವುದಿಲ್ಲ, ಡೀಲರ್‌ನ ಸೇವಾಶುಲ್ಕಕ್ಕೆ ಅನ್ವಯಿಸಬಹುದು. ಕೊಟ್ಟ ಕಮಿಷನ್ನಿಗೆ ಪ್ರತಿಯಾಗಿ ಸಿಗುವ ಸೇವೆಯೂ ಇದೆ: ಮಾರುವವನಿಗೆ ನಿಜವಾಗಿ ಹಕ್ಕಿದೆಯೇ ಎಂದು ಪರಿಶೀಲಿಸುವುದು, ಕಾಗದಪತ್ರ ನಡೆಸುವುದು, ಬೆಲೆಯಲ್ಲಿ ಮಾತುಕತೆ, ಕಂತಿನ ಸೌಲಭ್ಯ. ವರ್ಗಾವಣೆ ಮುಗಿಯುವವರೆಗೆ ಹಣವನ್ನು ಮಾರುವವನಿಗೆ ದಾಟಿಸದೆ ಇಟ್ಟುಕೊಳ್ಳುವ ಡೀಲರ್ ಇಬ್ಬರಿಗೂ ರಕ್ಷಣೆಯಾಗುತ್ತಾನೆ.

ಮಧ್ಯವರ್ತಿಯಿಲ್ಲದೆ ಹಕ್ಕುದಾರನಿಂದಲೇ ಕೊಳ್ಳುವುದು ಮೂರನೆಯ ದಾರಿ. ಕಮಿಷನ್ ಉಳಿಯುತ್ತದೆ, ಅಪಾಯ ಹೆಚ್ಚುತ್ತದೆ. ವಿ750 ಅಥವಾ ವಿ778 ಪತ್ರ ಕೈಗೆ ಬಂದ ಮಾತ್ರಕ್ಕೆ ಹಕ್ಕು ಬಂದಂತಲ್ಲ. ಹೆಸರಿನಲ್ಲಿ ಹಕ್ಕಿರುವವನು ಅದನ್ನು ಕೊಳ್ಳುವವನ ವಾಹನಕ್ಕೆ ಜೋಡಿಸಿದಾಗಲಷ್ಟೇ ವ್ಯವಹಾರ ಪೂರ್ಣ. ಸಂಖ್ಯೆ ವರ್ಗಾವಣೆಗೆ ಅರ್ಹವೇ ಎಂದೂ ನೋಡಬೇಕು. ಹಳೆಯ ವಾಹನ ತನ್ನ ಮೂಲ ಸಂಖ್ಯೆಯನ್ನು ವಿ765 ಎಂಬ ಯೋಜನೆಯಡಿ ಮರಳಿ ಪಡೆದಿದ್ದರೆ ಆ ಸಂಖ್ಯೆ ಆ ವಾಹನಕ್ಕೇ ಅಂಟಿಕೊಂಡಿರುತ್ತದೆ, ಬೇರೆಯದಕ್ಕೆ ಹೋಗುವಂತಿಲ್ಲ. ಈ ನಿರ್ಬಂಧವನ್ನು ನೋಂದಣಿ ಪತ್ರದಲ್ಲೇ ಬರೆದಿರುತ್ತಾರೆ.

ಜೋಡಣೆ ಮತ್ತು ಬಿಡುಗಡೆ

ಸಂಖ್ಯೆಯನ್ನು ಜೋಡಿಸಲು ವಾಹನ ಬ್ರಿಟನ್ನಿನಲ್ಲಿ ನೋಂದಣಿಯಾಗಿರಬೇಕು, ಸ್ವಂತ ಶಕ್ತಿಯಿಂದ ಓಡುವಂತಿರಬೇಕು, ಎಂಒಟಿ ಎಂಬ ವಾಹನ ಸುಸ್ಥಿತಿ ತಪಾಸಣೆಗೆ ಅಥವಾ ಭಾರೀ ವಾಹನ ತಪಾಸಣೆಗೆ ಒಳಪಡುವ ಬಗೆಯದಾಗಿರಬೇಕು. ರಸ್ತೆ ತೆರಿಗೆ ಕಟ್ಟಿರಬೇಕು, ಇಲ್ಲವೆ ರಸ್ತೆಗಿಳಿಸುತ್ತಿಲ್ಲವೆಂಬ ಘೋಷಣೆ ಚಾಲ್ತಿಯಲ್ಲಿರಬೇಕು. ಡಿವಿಎಲ್‌ಎ ಕೇಳಿದರೆ ವಾಹನವನ್ನು ಪರಿಶೀಲನೆಗೆ ಒಪ್ಪಿಸಬೇಕು. ವಯಸ್ಸು ಅಥವಾ ಗುರುತು ಖಚಿತವಾಗದ ವಾಹನಗಳಿಗೆ ಕೊಡುವ 'ಕ್ಯೂ' ಸಂಖ್ಯೆ ಇದ್ದರೆ ಅದನ್ನು ಬದಲಿಸುವಂತಿಲ್ಲ.

ಎಲ್ಲಕ್ಕಿಂತ ಮುಖ್ಯ ನಿಯಮವೆಂದರೆ ವಾಹನ ತನ್ನ ನಿಜ ವಯಸ್ಸಿಗಿಂತ ಹೊಸದಾಗಿ ಕಾಣುವಂಥ ಸಂಖ್ಯೆಯನ್ನು ಹಾಕಬಾರದು. 2019ರ ಕಾರಿಗೆ ನಡುವೆ 24 ಇರುವ ಸಂಖ್ಯೆ ಸಲ್ಲದು. 2024ರ ಕಾರಿಗೆ 2019ರ ಸಂಖ್ಯೆ ಸಲ್ಲುತ್ತದೆ. ಮೇಲೆ ಹೇಳಿದ 'ಎಂ4 ಎನ್‌ಜೆಯು' ರಚನೆ 1994ರ ಆಗಸ್ಟ್ ಅಥವಾ ಆಮೇಲೆ ನೋಂದಣಿಯಾದ ವಾಹನಕ್ಕೆ ಮಾತ್ರ. ವರ್ಷರಹಿತ ಸಂಖ್ಯೆ ಯಾವ ಕಾಲದ ವಾಹನಕ್ಕೂ ಹೊಂದುತ್ತದೆ. ಅದರ ಬೆಲೆಯ ಗುಟ್ಟು ಇದರಲ್ಲೂ ಇದೆ.

ಜೋಡಣೆಯ ಬಳಿಕ ವಿ5ಸಿ ಎಂಬ ಹೊಸ ನೋಂದಣಿ ಪತ್ರ ಬರುತ್ತದೆ. ಆಡುಮಾತಿನಲ್ಲಿ ಅದು ಲಾಗ್ ಬುಕ್. ವಿಮಾ ಕಂಪನಿಗೆ ಸಂಖ್ಯೆ ಬದಲಾದದ್ದನ್ನು ತಿಳಿಸಬೇಕು. ಲಂಡನ್ನಿನ ದಟ್ಟಣೆ ಶುಲ್ಕದಂಥವನ್ನು ಸ್ವಯಂಚಾಲಿತವಾಗಿ ಕಟ್ಟುವವರು ಆ ಖಾತೆಯಲ್ಲೂ ಬದಲಿಸಬೇಕು. ಇಲ್ಲವಾದರೆ ದಂಡದ ನೋಟಿಸು ಮನೆಗೆ ಬರುತ್ತದೆ.

ವಾಹನ ಮಾರುವ ಅಥವಾ ಗುಜರಿಗೆ ಹಾಕುವ ಮುನ್ನ 80 ಪೌಂಡ್ ಕಟ್ಟಿ ಸಂಖ್ಯೆಯನ್ನು ಬಿಡಿಸಿಕೊಳ್ಳಬೇಕು. ಆಗ ವಾಹನಕ್ಕೆ ಸಾಮಾನ್ಯವಾಗಿ ಅದರ ಹಿಂದಿನ ಸಂಖ್ಯೆಯೇ ಮರಳುತ್ತದೆ. ಬಿಡಿಸಿಕೊಳ್ಳದೆ ಮಾರಿದರೆ ಸಂಖ್ಯೆಯ ಹಕ್ಕೂ ವಾಹನದೊಂದಿಗೆ ಹೊರಟುಹೋಗುತ್ತದೆ. ಅಪಘಾತದಲ್ಲಿ ವಾಹನ ಪೂರ್ತಿ ಹಾಳಾಗಿ ವಿಮಾ ಕಂಪನಿ ಅದನ್ನು ವಶಕ್ಕೆ ಪಡೆಯುವ ಸಂದರ್ಭದಲ್ಲೂ ಸಂಖ್ಯೆ ತನಗೆ ಬೇಕೆಂದು ಮೊದಲೇ ತಿಳಿಸಬೇಕು. ಗುತ್ತಿಗೆಗೆ ಪಡೆದ ಕಾರಿಗೆ ಹಾಕುವುದಾದರೆ ಗುತ್ತಿಗೆ ಕಂಪನಿಯ ಒಪ್ಪಿಗೆ ಬೇಕು, ಕಾರು ಹಿಂದಿರುಗಿಸುವ ಮುನ್ನ ತೆಗೆಸಿಕೊಳ್ಳಲೂ ಬೇಕು.

ಫಲಕದ ನಿಯಮಗಳು

ಸಂಖ್ಯೆಯ ಹಕ್ಕು ಬೇರೆ, ಅದನ್ನು ಬರೆದ ಫಲಕ ಬೇರೆ. ಡಿವಿಎಲ್‌ಎ ಫಲಕ ಕೊಡುವುದಿಲ್ಲ. ಅದನ್ನು ನೋಂದಾಯಿತ ತಯಾರಕರಿಂದ ಗುರುತಿನ ಚೀಟಿ ಮತ್ತು ಹಕ್ಕಿನ ದಾಖಲೆ ತೋರಿಸಿ ಮಾಡಿಸಿಕೊಳ್ಳಬೇಕು. ಕದ್ದ ವಾಹನಗಳಿಗೆ ಸುಳ್ಳು ಫಲಕ ಹಾಕುವುದನ್ನು ತಡೆಯಲು 2001ರ ಕಾಯಿದೆಯೊಂದರ ಅಡಿಯಲ್ಲಿ ಈ ವ್ಯವಸ್ಥೆ ಬಂತು. ಮುಂದಿನ ಫಲಕ ಬಿಳಿ, ಹಿಂದಿನದು ಹಳದಿ, ಅಕ್ಷರ ಕಪ್ಪು. ಕಾರಿನ ಫಲಕದಲ್ಲಿ ಅಕ್ಷರದ ಎತ್ತರ 79 ಮಿ.ಮೀ., ಅಗಲ 50 ಮಿ.ಮೀ., ಅಕ್ಷರಗಳ ನಡುವೆ 11 ಮಿ.ಮೀ., ಗುಂಪುಗಳ ನಡುವೆ 33 ಮಿ.ಮೀ. ಅಂತರವಿರಬೇಕು. ಲಿಪಿಯ ಶೈಲಿಯೂ ನಿಗದಿತ.

ಹೆಸರು ಸ್ಪಷ್ಟವಾಗಿ ಮೂಡಲೆಂದು ಅಂತರವನ್ನು ಅಳಿಸುವುದು, ತಿರುಪು ಮೊಳೆಯ ತಲೆಗೆ ಬಣ್ಣ ಬಳಿದು ಒಂದು ಅಕ್ಷರವನ್ನು ಇನ್ನೊಂದಾಗಿ ತೋರಿಸುವುದು ಈ ಹವ್ಯಾಸದ ಚಾಳಿಗಳು. ಇವು ಕಾನೂನಿಗೆ ವಿರುದ್ಧ. 1,000 ಪೌಂಡ್‌ವರೆಗೆ ದಂಡ ಬೀಳಬಹುದು, ವಾಹನ ಎಂಒಟಿ ತಪಾಸಣೆಯಲ್ಲಿ ಅನುತ್ತೀರ್ಣವಾಗಬಹುದು. ಮಾರಾಟದ ಜಾಹೀರಾತಿನಲ್ಲಿ ಸಂಖ್ಯೆಯನ್ನು ಪದವಾಗಿ ಒತ್ತೊತ್ತಾಗಿ ತೋರಿಸಿದ್ದರೂ ರಸ್ತೆಯ ಮೇಲೆ ಅದನ್ನು ಬಿಡಿಸಿಯೇ ಬರೆಯಬೇಕಾಗುತ್ತದೆ.

ಬೆಲೆ

ಬೆಲೆ ಏರಿಸುವ ಗುಣಗಳು ಮೂರು: ಚಿಕ್ಕದಾಗಿರುವುದು, ವರ್ಷ ತೋರಿಸದಿರುವುದು, ಹೆಚ್ಚು ಜನರಿಗೆ ಹೊಂದುವ ಅರ್ಥವಿರುವುದು. ಎಸೆಕ್ಸ್ ಕೌಂಟಿ ಆಡಳಿತ ದಶಕಗಳ ಕಾಲ ಇಟ್ಟುಕೊಂಡಿದ್ದ 'ಎಫ್ 1' 2008ರಲ್ಲಿ 3,75,000 ಪೌಂಡಿಗೆ ಮಾರಾಟವಾಯಿತು, ತೆರಿಗೆ ಸೇರಿ 4,40,625 ಪೌಂಡ್. ಅದೊಂದು ಕೌಂಟಿಯ ಮೊದಲ ಸಂಖ್ಯೆ ಮಾತ್ರವಾಗಿರದೆ ಕಾರು ಪಂದ್ಯದ ಹೆಸರೂ ಆಗಿದ್ದುದು ಬೆಲೆಯನ್ನು ಎತ್ತಿತು. ಅದೇ ವರ್ಷ ಎಡಿನ್‌ಬರೊದ ಮೊದಲ ಸಂಖ್ಯೆ 'ಎಸ್ 1' ಕೂಡ 4,00,000 ಪೌಂಡಿನ ಗಡಿ ದಾಟಿತು. ಇಂಥ ಸುದ್ದಿಗಳನ್ನು ನಂಬಿ ಹೂಡಿಕೆಗಾಗಿ ಕೊಳ್ಳುವವರಿದ್ದಾರೆ. ಆದರೆ ಒಬ್ಬರ ಪೂರ್ತಿ ಹೆಸರಿಗೆ ಹೊಂದುವ ಸಂಖ್ಯೆಗೆ ಇನ್ನೊಬ್ಬ ಗಿರಾಕಿ ಸಿಗುವುದು ಅಪರೂಪ. ಅಂಥದ್ದನ್ನು ಮಾರಹೊರಟರೆ ಕೊಂಡ ಬೆಲೆಯೂ ಬರದೆ ಹೋಗಬಹುದು. ಎರಡಕ್ಷರದ ಇನಿಷಿಯಲ್ ಇರುವ ವರ್ಷರಹಿತ ಸಂಖ್ಯೆ ಸಾವಿರಾರು ಜನರಿಗೆ ಹೊಂದುವುದರಿಂದ ಹೆಚ್ಚು ಬೇಗ ಕೈಬದಲಾಗುತ್ತದೆ.

ಇತರ ದೇಶಗಳು ಮತ್ತು ಕರ್ನಾಟಕ

ಹಾಂಗ್‌ಕಾಂಗ್‌ನಲ್ಲಿ 1973ರಿಂದ ಸಂಖ್ಯೆಗಳ ಹರಾಜು ನಡೆಯುತ್ತಿದೆ. ಅದರ ಹಣ ದತ್ತಿ ಕಾರ್ಯಕ್ಕೆ ಹೋಗುತ್ತದೆ. ಇಷ್ಟದ ಅಕ್ಷರ ಮತ್ತು ಅಂಕಿಗಳ ಜೋಡಣೆಗೆ ಅವಕಾಶ ಸಿಕ್ಕಿದ್ದು 2006ರಲ್ಲಿ. ದುಬೈನಲ್ಲಿ 2023ರ ಏಪ್ರಿಲ್‌ನ ದತ್ತಿ ಹರಾಜಿನಲ್ಲಿ 'ಪಿ 7' 5.5 ಕೋಟಿ ದಿರ್ಹಾಮಿಗೆ ಹೋಯಿತು.

ಕರ್ನಾಟಕದಲ್ಲಿ 'ಫ್ಯಾನ್ಸಿ ನಂಬರ್' ಎಂದು ಕರೆಯುವ ವ್ಯವಸ್ಥೆ ಬೇರೆ ಬುನಾದಿಯದು. 'ಕೆಎ' ಎಂಬ ರಾಜ್ಯ ಸಂಕೇತ, ಆರ್‌ಟಿಒ ಕಚೇರಿಯ ಅಂಕಿ (ಮೈಸೂರಿಗೆ 09, ಮಂಗಳೂರಿಗೆ 19), ಸರಣಿಯ ಅಕ್ಷರಗಳು ಇವೆಲ್ಲ ಮೊದಲೇ ನಿಗದಿಯಾಗಿರುತ್ತವೆ. ಮಾಲೀಕ ಆರಿಸಬಹುದಾದದ್ದು ಕೊನೆಯ ನಾಲ್ಕು ಅಂಕಿಗಳನ್ನು ಮಾತ್ರ. ಹಾಗಾಗಿ ಇಲ್ಲಿನ ಪೈಪೋಟಿ ಹೆಸರಿಗಲ್ಲ, 0001 ಅಥವಾ 9999ರಂಥ ಅಂಕಿಗಳಿಗೆ ಮತ್ತು ಸಂಖ್ಯಾಶಾಸ್ತ್ರದ ನಂಬಿಕೆಗೆ ಹೊಂದುವ ಮೊತ್ತಗಳಿಗೆ. ಬೇಡಿಕೆಯ ಸಂಖ್ಯೆಗಳನ್ನು ಸಾರಿಗೆ ಇಲಾಖೆ ಹರಾಜು ಹಾಕುತ್ತದೆ. ಹೊಸ ಸರಣಿ ತೆರೆದಂತೆಲ್ಲ 0001 ಮತ್ತೆ ಹುಟ್ಟುವುದರಿಂದ, ದೇಶಕ್ಕೆಲ್ಲ ಒಂದೇ ಆಗಿರುವ ಬ್ರಿಟನ್ನಿನ 'ಎಫ್ 1'ಗೆ ಬಂದಂಥ ಮರುಮಾರಾಟದ ಬೆಲೆ ಇಲ್ಲಿನ ಸಂಖ್ಯೆಗಳಿಗೆ ಬರುವುದು ಕಷ್ಟ. ಡೀಲರ್‌ಗಳ ಮಾರುಕಟ್ಟೆ ಬ್ರಿಟನ್ನಿನಲ್ಲಿ ಬೆಳೆದದ್ದಕ್ಕೆ ಹಣವಂತರ ಹುಚ್ಚಿಗಿಂತ ಹೆಚ್ಚಿನ ಕಾರಣ ಅಲ್ಲಿನ ಕಾನೂನು. ಸಂಖ್ಯೆಯನ್ನು ವಾಹನದಿಂದ ಬಿಡಿಸಿ, ಕಾಗದದಲ್ಲಿ 10 ವರ್ಷ ಹಿಡಿದಿಟ್ಟು, ಮತ್ತೊಬ್ಬರ ವಾಹನಕ್ಕೆ ದಾಟಿಸಲು ಅದು ಅನುವು ಮಾಡಿಕೊಟ್ಟಿದೆ.